ಲ್ಯಾನ್ಸರ್ ಎವಲ್ಯೂಷನ್ 9 ಮತ್ತು 10: ಪದೇ ಪದೇ ಕೇಳುವ ಪ್ರಶ್ನೆಗಳು

ಮಿತ್ಸುಬಿಷಿಯ ಲ್ಯಾನ್ಸರ್ ಎವಲ್ಯೂಷನ್ (ಚಿಕ್ಕದಾಗಿ ಎವೊ) ಎಂಬ ಟರ್ಬೊ ಸೆಡಾನ್ ಸಾಲಿನ ಕೊನೆಯ ಎರಡನ್ನು ಹೋಲಿಸುವಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಾರಿನ ಹಿಂಬದಿಯಲ್ಲಿ ರೋಮನ್ ಅಂಕಿಗಳಿದ್ದರೂ ಓದಿನ ಅನುಕೂಲಕ್ಕಾಗಿ ಇಲ್ಲಿ ಎವೊ 9, ಎವೊ 10 ಎಂದೇ ಬರೆಯಲಾಗಿದೆ. ಅಶ್ವಶಕ್ತಿ, ತೂಕ ಮತ್ತು ಅಳತೆಗಳು ಬೇರೆಯಾಗಿ ಹೇಳದಿದ್ದಲ್ಲಿ ಜಪಾನ್ ಮಾರುಕಟ್ಟೆಯ ಜಿಎಸ್ಆರ್ ಮಾದರಿಗೆ ಸೇರಿದವು.

ಇವು ನಿಜವಾಗಿ ಎರಡು ತಲೆಮಾರುಗಳೇ ಅಥವಾ ಒಂದೇ ಕಾರಿನ ಎರಡು ಅಂಕಿಗಳೇ?

ಎರಡು ತಲೆಮಾರುಗಳೇ. ಅಂಕಿಗಳು ಹತ್ತಾದರೂ ಮೂಲ ಬಾಡಿಗಳು ನಾಲ್ಕೇ. 1992ರಲ್ಲಿ ಆರಂಭವಾದ ಮೊದಲ ಮೂರು ಎವೊಗಳದ್ದು ಒಂದು ಬಾಡಿ, 4ರಿಂದ 6ರವರೆಗೆ ಮತ್ತೊಂದು, 7ರಿಂದ 9ರವರೆಗೆ ಮೂರನೆಯದು, ಎವೊ 10ಕ್ಕೆ ಪ್ರತ್ಯೇಕವಾಗಿ ನಾಲ್ಕನೆಯದು. ಹೀಗಾಗಿ ಎವೊ 8ರಿಂದ 9ಕ್ಕೆ ಇಟ್ಟದ್ದು ಒಂದು ಸಣ್ಣ ಹೆಜ್ಜೆಯಾದರೆ, 9ರಿಂದ 10ಕ್ಕೆ ಹೋದದ್ದು ಹೊಳೆ ದಾಟಿದಂತೆ. ಮಾರ್ಚ್ 2005ರಲ್ಲಿ ಬಂದ ಎವೊ 9ರ ಚಾಸಿಸ್ ಸಂಕೇತ ಸಿಟಿ9ಎ; ಅಕ್ಟೋಬರ್ 2007ರಲ್ಲಿ ಬಂದ ಎವೊ 10ರದ್ದು ಸಿಝಡ್4ಎ. ಬಾಡಿ ಬದಲಾಗುವುದು ಎವೊ ಇತಿಹಾಸದಲ್ಲಿ ಹೊಸದಲ್ಲ, ಆದರೆ ಬಾಡಿಯೊಂದಿಗೆ ಎಂಜಿನ್ನೂ ಬದಲಾದದ್ದು ಅದೇ ಮೊದಲು, ಅದೇ ಕೊನೆ.

ಇಷ್ಟೊಂದು ಬದಲಾವಣೆಗೆ ಮೂಲ ಕಾರಣವೇನು?

ಬಹುತೇಕ ಹೋಲಿಕೆಗಳು ಎಂಜಿನ್ನಿನಿಂದ ಆರಂಭವಾಗಿ ಎಂಜಿನ್ನಿನಲ್ಲಿಯೇ ಮುಗಿಯುತ್ತವೆ. ಆದರೆ ಈ ಎರಡು ಕಾರುಗಳನ್ನು ಬೇರ್ಪಡಿಸುವ ಗೆರೆ ಎಂಜಿನ್ನಿನಲ್ಲಿಲ್ಲ, ಕಾರು ರ್ಯಾಲಿ ಸ್ಪರ್ಧೆಯ ನಿಯಮಪುಸ್ತಕದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಗ್ರೂಪ್ ಎ ನಿಯಮದ ಪ್ರಕಾರ ರ್ಯಾಲಿಯಲ್ಲಿ ಓಡಬೇಕಾದ ಕಾರನ್ನು ನಿಗದಿತ ಸಂಖ್ಯೆಯಲ್ಲಿ ತಯಾರಿಸಿ ಜನರಿಗೆ ಮಾರಬೇಕಿತ್ತು, ಮತ್ತು ಎವೊ ಹುಟ್ಟಿದ್ದೇ ಆ ನಿಯಮವನ್ನು ಪಾಲಿಸುವುದಕ್ಕಾಗಿ. ಫಿನ್ಲೆಂಡಿನ ರ್ಯಾಲಿ ಚಾಲಕ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದದ್ದು ಇದೇ ಸಾಲಿನ ಕಾರುಗಳಲ್ಲಿ; 1998ರಲ್ಲಿ ತಯಾರಕರ ಪ್ರಶಸ್ತಿಯೂ ಮಿತ್ಸುಬಿಷಿಗೆ ಬಂತು. 2001ರ ಕೊನೆಯ ಭಾಗದಲ್ಲಿ ಕಾರ್ಖಾನೆ ತಂಡವು ವಿಶ್ವ ರ್ಯಾಲಿಗಾಗಿಯೇ ಮಾಡಿದ ಪ್ರತ್ಯೇಕ ಡಬ್ಲ್ಯುಆರ್‌ಸಿ ಕಾರಿಗೆ ಹೊರಳಿತಾದರೂ ಖಾಸಗಿ ಸ್ಪರ್ಧಿಗಳು ಮಾರಾಟದ ಕಾರನ್ನು ಹೆಚ್ಚು ಬದಲಿಸದೆ ಓಡಿಸುವ ಗ್ರೂಪ್ ಎನ್ ವಿಭಾಗದಲ್ಲಿ ಎವೊವನ್ನೇ ನಂಬಿದ್ದರು. ಎವೊ 9 ಆ ಪರಂಪರೆಯ ಕೊನೆಯ ಕುಡಿ. 2005ರ ಋತು ಮುಗಿದೊಡನೆ ಮಿತ್ಸುಬಿಷಿ ವಿಶ್ವ ರ್ಯಾಲಿಯಿಂದ ಹಿಂದೆ ಸರಿಯಿತು. ಎರಡು ವರ್ಷಗಳ ನಂತರ ಬಂದ ಎವೊ 10ಕ್ಕೆ ವಿಶ್ವ ರ್ಯಾಲಿಯಲ್ಲಿ ಗೆಲ್ಲಬೇಕಾದ ಕಾರ್ಖಾನೆಯ ಕಾರೊಂದು ಬೆನ್ನಿಗಿರಲಿಲ್ಲ. ಅದು ರಸ್ತೆಯ ಗ್ರಾಹಕನನ್ನು ಮೊದಲು ನೆನೆದು ಮಾಡಿದ ಕಾರು. ಮುಂದಿನ ಉತ್ತರಗಳಲ್ಲಿ ಬರುವ ತೂಕ, ಗೇರ್‌ಬಾಕ್ಸ್ ಮತ್ತು ಸುರಕ್ಷತೆಯ ವ್ಯತ್ಯಾಸಗಳನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು.

ಹಳೆಯ 4ಜಿ63 ಎಂಜಿನ್ನನ್ನು ಬಿಟ್ಟದ್ದೇಕೆ?

ಎವೊ 9ರವರೆಗಿನ ಎಲ್ಲ ಎವೊಗಳಲ್ಲಿದ್ದ 4ಜಿ63 ಟರ್ಬೊ ಎಂಜಿನ್ 1987ರ ಮಿತ್ಸುಬಿಷಿ ಗ್ಯಾಲಂಟ್ ವಿಆರ್-4 ಕಾರಿನಲ್ಲಿಯೇ ದುಡಿಯುತ್ತಿತ್ತು. ಎವೊ 9ರ ಹೊತ್ತಿಗೆ ಅದು ಸುಮಾರು ಎರಡು ದಶಕ ತಿದ್ದಿಸಿಕೊಂಡ ಎಂಜಿನ್. 1997 ಸಿಸಿ, 85 ಮಿಲಿಮೀಟರ್ ಬೋರ್ (ಸಿಲಿಂಡರಿನ ವ್ಯಾಸ), 88 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಎರಕದ ಕಬ್ಬಿಣದ ಬ್ಲಾಕ್, ಟೈಮಿಂಗ್ ಬೆಲ್ಟ್. ಎವೊ 9ರಲ್ಲಿ ಮೊದಲ ಬಾರಿಗೆ ಇದರ ಇನ್‌ಟೇಕ್ ಕ್ಯಾಮ್‌ಶಾಫ್ಟಿಗೆ (ಗಾಳಿ ಒಳಬರುವ ಕವಾಟಗಳನ್ನು ತೆರೆಯುವ ದಂಡಕ್ಕೆ) ಮೈವೆಕ್ ಎಂಬ ಕವಾಟ ಸಮಯ ಹೊಂದಾಣಿಕೆ ಸೇರಿತು. ಎವೊ 8ಕ್ಕಿಂತ 9 ಕೆಳ ಆರ್‌ಪಿಎಂನಲ್ಲಿ ಬೇಗ ಎಚ್ಚರವಾಗುವುದು ಬಹುಮಟ್ಟಿಗೆ ಇದರಿಂದಲೇ.

ಎವೊ 10ರ 4ಬಿ11 ಎಂಜಿನ್ 1998 ಸಿಸಿಯದು. ಬೋರ್ ಮತ್ತು ಸ್ಟ್ರೋಕ್ ಎರಡೂ 86 ಮಿಲಿಮೀಟರ್, ಬ್ಲಾಕ್ ಅಲ್ಯೂಮಿನಿಯಮ್, ಬೆಲ್ಟಿನ ಜಾಗದಲ್ಲಿ ಚೈನ್, ಮೈವೆಕ್ ಎರಡೂ ಕ್ಯಾಮ್‌ಶಾಫ್ಟಿಗೆ. ಇದರ ಮೂಲ ವಿನ್ಯಾಸವು ಕ್ರೈಸ್ಲರ್, ಹ್ಯುಂಡೈ ಮತ್ತು ಮಿತ್ಸುಬಿಷಿ ಒಟ್ಟಾಗಿ ರೂಪಿಸಿದ ವಿಶ್ವ ಎಂಜಿನ್ ಯೋಜನೆಯಿಂದ ಬಂದದ್ದು. ಈ ಸಂಗತಿಯನ್ನು ಹಿಡಿದುಕೊಂಡು ಇದು ಸಾಧಾರಣ ಕಾರಿನ ಎಂಜಿನ್ ಎಂದು ಮೂಗು ಮುರಿಯುವವರಿದ್ದಾರೆ, ಆದರೆ 4ಜಿ63 ಕೂಡ ಸಾಧಾರಣ ಕಾರುಗಳಲ್ಲಿ ಓಡಾಡಿದ ಎಂಜಿನ್ನಿನ ಮನೆತನದ್ದೇ ಎಂಬುದನ್ನು ಅವರು ಮರೆಯುತ್ತಾರೆ. ಹೊಸ ಎಂಜಿನ್ ಹಳೆಯದಕ್ಕಿಂತ ಸುಮಾರು 12 ಕಿಲೋಗ್ರಾಂ ಹಗುರ. ಮುಂದಿನ ಅಚ್ಚಿನ ಮೇಲೆಯೇ ಭಾರ ಹೊರುವ ಇಂತಹ ಕಾರಿನಲ್ಲಿ ಆ 12 ಕಿಲೋ ಇಳಿದದ್ದು ಇಳಿಯಬೇಕಾದ ಜಾಗದಲ್ಲಿಯೇ.

ಎಂಜಿನ್ ಕೂರಿಸಿದ ದಿಕ್ಕು ಕೂಡ ಬದಲಾಯಿತು. ಎವೊ 9ರಲ್ಲಿ ಟರ್ಬೊ ಮತ್ತು ಎಕ್ಸಾಸ್ಟ್ ರೇಡಿಯೇಟರ್ ಕಡೆಗೆ, ಅಂದರೆ ಮುಂದಕ್ಕಿವೆ. ಬಾನೆಟ್ ಎತ್ತಿದೊಡನೆ ಟರ್ಬೊದ ಕವಚ ಕಣ್ಣಿಗೆ ಬೀಳುತ್ತದೆ. ಎವೊ 10ರಲ್ಲಿ ಎಕ್ಸಾಸ್ಟ್ ಹಿಂದಕ್ಕೆ, ಇನ್‌ಟೇಕ್ ಮುಂದಕ್ಕೆ. ಬಿಸಿ ಹೊಗೆಯು ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ತಲುಪಿ ಬೇಗ ಕಾಯಿಸುವುದರಿಂದ ಮಾಲಿನ್ಯ ನಿಯಮಗಳಿಗೆ ಇದು ಅನುಕೂಲ. ಮೆಕ್ಯಾನಿಕ್‌ಗೆ ಮಾತ್ರ ಟರ್ಬೊ ಕೈಗೆಟಕುವುದು ಕಷ್ಟವಾಯಿತು.

ಯಾವುದರ ಶಕ್ತಿ ಹೆಚ್ಚು?

ಕಾಗದದ ಮೇಲೆ ಆರಂಭದಲ್ಲಿ ಎರಡೂ ಸಮ: 280 ಅಶ್ವಶಕ್ತಿ. ಜಪಾನಿನ ತಯಾರಕರು ತಮ್ಮೊಳಗೆ ಒಪ್ಪಿಕೊಂಡಿದ್ದ 280ರ ಮಿತಿ 2004ರಲ್ಲಿ ಸಡಿಲವಾಗಿದ್ದರೂ ಎವೊ 10 ಅದೇ ಅಂಕಿಯೊಂದಿಗೆ ಬಂದು, 2008ರ ಅಕ್ಟೋಬರಿನ ಪರಿಷ್ಕರಣೆಯಲ್ಲಿ 300ಕ್ಕೆ ಏರಿತು. ಟಾರ್ಕ್ (ತಿರುಗಿಸುವ ಬಲ) ವಿಷಯದಲ್ಲಿ ವ್ಯತ್ಯಾಸ ಮೊದಲಿನಿಂದಲೂ ಇತ್ತು: ಎವೊ 9ರದ್ದು 3000 ಆರ್‌ಪಿಎಂನಲ್ಲಿ 400 ನ್ಯೂಟನ್ ಮೀಟರ್, ಎವೊ 10ರದ್ದು 3500ರಲ್ಲಿ 422. ಬ್ರಿಟನ್ನಿನಲ್ಲಿ ಮಾರಾಟವಾದ ಎಫ್‌ಕ್ಯೂ ಮಾದರಿಗಳ ಲೆಕ್ಕ ಬೇರೆಯೇ. ಅಲ್ಲಿ ಎವೊ 9ರ ಎಫ್‌ಕ್ಯೂ-360 ಮಾದರಿ 366 ಬಿಎಚ್‌ಪಿ, 2009ರ ಎವೊ 10 ಎಫ್‌ಕ್ಯೂ-400 ಮಾದರಿ 403 ಬಿಎಚ್‌ಪಿ ಕೊಡುತ್ತಿದ್ದವು.

ಹಾಗಾದರೆ ಎವೊ 10 ನಿಧಾನ ಎಂದು ಹೇಳುವುದೇಕೆ?

ತೂಕದಿಂದ. ಎವೊ 9ರ ತೂಕ ಸುಮಾರು 1410 ಕಿಲೋಗ್ರಾಂ; ಎವೊ 10ರದ್ದು ಮ್ಯಾನ್ಯುವಲ್ ಗೇರ್‌ಬಾಕ್ಸಿನೊಂದಿಗೆ 1520, ಎರಡು ಕ್ಲಚ್ಚಿನ ಗೇರ್‌ಬಾಕ್ಸಿನೊಂದಿಗೆ 1540. ನೂರು ಕಿಲೋಗೂ ಮೀರಿದ ಈ ಹೊರೆ ಎಲ್ಲಿಂದ ಬಂತೆಂದರೆ ಬಹುಪಾಲು ದೊಡ್ಡದಾದ ಮತ್ತು ಬಿಗಿಯಾದ ಬಾಡಿಯಿಂದ. ಅಗಲ 1770ರಿಂದ 1810 ಮಿಲಿಮೀಟರಿಗೆ, ಎತ್ತರ 1450ರಿಂದ 1480ಕ್ಕೆ, ಗಾಲಿಗಳ ನಡುವಿನ ಅಗಲ 1515ರಿಂದ 1545ಕ್ಕೆ, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ) 2625ರಿಂದ 2650ಕ್ಕೆ ಏರಿತು. ಗಾಲಿಗಳು 17 ಅಂಗುಲದಿಂದ 18ಕ್ಕೆ, ಮುಂದಿನ ಬ್ರೆಂಬೊ ಬ್ರೇಕ್ ಡಿಸ್ಕ್ 320 ಮಿಲಿಮೀಟರಿನಿಂದ 350ಕ್ಕೆ ಬೆಳೆದವು. ಛಾವಣಿ, ಬಾನೆಟ್, ಮುಂದಿನ ಫೆಂಡರ್‌ಗಳು ಎರಡರಲ್ಲಿಯೂ ಅಲ್ಯೂಮಿನಿಯಮ್ಮಿನವೇ ಆಗಿದ್ದುದರಿಂದ ಅಲ್ಲಿ ಉಳಿಸಲು ಹೆಚ್ಚೇನೂ ಉಳಿದಿರಲಿಲ್ಲ. ಬ್ಯಾಟರಿಯನ್ನೂ ವಾಷರ್ ನೀರಿನ ತೊಟ್ಟಿಯನ್ನೂ ಡಿಕ್ಕಿಗೆ ಸಾಗಿಸಿ ಮುಂಭಾಗದ ಭಾರವನ್ನು ತುಸು ಹಿಂದಕ್ಕೆ ತಂದದ್ದು ಎಂಜಿನಿಯರುಗಳ ಜಾಣತನ. ಡಿಕ್ಕಿಯಲ್ಲಿ ಸೂಟ್‌ಕೇಸ್ ಇಡುವವರಿಗೆ ಈ ಜಾಣತನ ಅಷ್ಟಾಗಿ ಹಿಡಿಸುವುದಿಲ್ಲ.

ನೇರ ರಸ್ತೆಯಲ್ಲಿ ಈ ಭಾರ ಗೊತ್ತಾಗುತ್ತದೆ. ತಿರುವುಗಳಲ್ಲಿ ಏಕೆ ಅಷ್ಟಾಗಿ ಗೊತ್ತಾಗುವುದಿಲ್ಲ ಎಂಬುದೇ ಮುಂದಿನ ಪ್ರಶ್ನೆಯ ವಿಷಯ.

ಎಸಿಡಿ, ಎವೈಸಿ, ಎಸ್-ಎಡಬ್ಲ್ಯುಸಿ: ಇವುಗಳಲ್ಲಿ ಯಾವುದು ಏನು ಮಾಡುತ್ತದೆ?

ಎಸಿಡಿ ಎಂಬುದು ನಡುವಿನ ಡಿಫರೆನ್ಷಿಯಲ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಮುಂದಿನ ಮತ್ತು ಹಿಂದಿನ ಅಚ್ಚುಗಳನ್ನು ಎಷ್ಟು ಬಿಗಿಯಾಗಿ ಒಂದಕ್ಕೊಂದು ಕಟ್ಟಬೇಕೆಂಬುದನ್ನು ಹೈಡ್ರಾಲಿಕ್ ಒತ್ತಡದಿಂದ ಅಮುಕುವ ಹಲವು ಫಲಕಗಳ ಕ್ಲಚ್ ಒಂದು ಕ್ಷಣಕ್ಷಣವೂ ನಿರ್ಧರಿಸುತ್ತದೆ. ವೇಗ ಹೆಚ್ಚಿಸುವಾಗ ಕಟ್ಟು ಬಿಗಿಯಾಗುತ್ತದೆ. ತಿರುವಿಗೆ ಸ್ಟೀರಿಂಗ್ ಹಾಕಿದಾಗ ಅಥವಾ ಹ್ಯಾಂಡ್‌ಬ್ರೇಕ್ ಎಳೆದಾಗ ಸಡಿಲವಾಗುತ್ತದೆ. ಡಾಂಬರು, ಜಲ್ಲಿ, ಹಿಮ ಎಂಬ ಮೂರು ಆಯ್ಕೆಗಳಲ್ಲಿ ಒಂದನ್ನು ಚಾಲಕ ಬಟನ್ ಒತ್ತಿ ಆರಿಸಬಹುದು.

ಎವೈಸಿ ಇರುವುದು ಹಿಂದಿನ ಡಿಫರೆನ್ಷಿಯಲ್ಲಿನಲ್ಲಿ, ಮತ್ತು ಎವೊವನ್ನು ಎವೊ ಮಾಡಿದ ಭಾಗ ಇದೇ. ಹೊಲದ ಅಂಚಿನಲ್ಲಿ ನೇಗಿಲನ್ನು ತಿರುಗಿಸುವಾಗ ಹೊರಗಿನ ಎತ್ತು ಬಿರುಸಾಗಿ ಹೆಜ್ಜೆ ಹಾಕಿದರೆ ಜೋಡಿ ಸರಾಗವಾಗಿ ಹೊರಳುತ್ತದೆ. ಎರಡೂ ಸಮನಾಗಿ ಎಳೆದರೆ ನೇರ ಬದುವಿನ ಮೇಲೆ ಹೋಗಿ ನಿಲ್ಲುತ್ತವೆ. ಎವೈಸಿ ಹಿಂದಿನ ಎರಡು ಚಕ್ರಗಳಲ್ಲಿ ಹೊರಗಿನದಕ್ಕೆ ಹೆಚ್ಚು ಟಾರ್ಕ್ ಕೊಟ್ಟು ಕಾರಿನ ಮೂತಿಯನ್ನು ತಿರುವಿನ ಒಳಕ್ಕೆ ತಳ್ಳುತ್ತದೆ. ಎವೊ 4ರಲ್ಲಿ ಮೊದಲು ಬಂದ ಈ ವ್ಯವಸ್ಥೆ ಎವೊ 8ರಲ್ಲಿ ಪ್ಲಾನೆಟರಿ ಗೇರ್‌ಗಳನ್ನು ಪಡೆದು ಸೂಪರ್ ಎವೈಸಿ ಆಯಿತು, ಎವೊ 9 ಅದನ್ನೇ ಮುಂದುವರಿಸಿತು.

ಎವೊ 9ರಲ್ಲಿ ಎಸಿಡಿಯೂ ಸೂಪರ್ ಎವೈಸಿಯೂ ಇದ್ದವು, ಎಬಿಎಸ್ ಇತ್ತು, ಆದರೆ ಜಾರಿದ ಕಾರನ್ನು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಹಿಡಿದು ನಿಲ್ಲಿಸುವ ಸ್ಥಿರತಾ ನಿಯಂತ್ರಣ ಇರಲಿಲ್ಲ. ಎವೊ 10ರಲ್ಲಿ ಅದೂ ಸೇರಿತು. ಇಲ್ಲಿ ಒಂದು ತೊಡಕು ಇತ್ತು: ಎವೈಸಿ ಹೊರಚಕ್ರವನ್ನು ತಳ್ಳುತ್ತಿರುವಾಗಲೇ ಸ್ಥಿರತಾ ನಿಯಂತ್ರಣ ಅದೇ ಚಕ್ರಕ್ಕೆ ಬ್ರೇಕ್ ಹಾಕಿದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತಾಗುತ್ತದೆ. ಆದುದರಿಂದ ಎಸಿಡಿ, ಎವೈಸಿ, ಸ್ಥಿರತಾ ನಿಯಂತ್ರಣ ಮತ್ತು ಎಬಿಎಸ್ ನಾಲ್ಕನ್ನೂ ಒಟ್ಟಾಗಿ ನಡೆಸುವ ಏರ್ಪಾಡು ಮಾಡಲಾಯಿತು. ಕಾರು ನಿಜವಾಗಿ ಎಷ್ಟು ಹೊರಳುತ್ತಿದೆ ಎಂಬುದನ್ನು ಸಂವೇದಕದಿಂದ ಅಳೆದು, ಚಾಲಕ ಬಯಸಿದ ಹೊರಳಿಕೆಯೊಂದಿಗೆ ತಾಳೆ ನೋಡುವ ಈ ಒಟ್ಟು ವ್ಯವಸ್ಥೆಗೆ ಎಸ್-ಎಡಬ್ಲ್ಯುಸಿ ಎಂದು ಹೆಸರು.

ಇದರ ಫಲವನ್ನು ತೇವದ ರಸ್ತೆಯ ಉದ್ದ ತಿರುವಿನಲ್ಲಿ ನೋಡಬೇಕು. ಎವೊ 9 ಅಲ್ಲಿ ಚಾಲಕನೊಂದಿಗೆ ನಿರಂತರ ಮಾತಿಗಿಳಿಯುತ್ತದೆ. ಸ್ಟೀರಿಂಗಿನ ಮೂಲಕ ಬರುವ ಸಣ್ಣ ಎಳೆತಗಳನ್ನು ಕೇಳಿಸಿಕೊಂಡು ಆಕ್ಸಿಲರೇಟರಿನಿಂದ ಉತ್ತರ ಕೊಡುವವನಿಗೆ ಅದು ಒಲಿಯುತ್ತದೆ, ಗಮನ ತಪ್ಪಿದವನನ್ನು ಕ್ಷಮಿಸುವುದಿಲ್ಲ. ಎವೊ 10 ಅದೇ ತಿರುವನ್ನು ಕಡಿಮೆ ಮಾತಿನಲ್ಲಿ, ಹೆಚ್ಚು ಭದ್ರವಾಗಿ, ಅನೇಕ ವೇಳೆ ಹೆಚ್ಚು ವೇಗದಲ್ಲಿಯೇ ಮುಗಿಸುತ್ತದೆ. ಇದನ್ನು ಕೊರತೆ ಎನ್ನುವುದು ಸರಿಯಲ್ಲ, ಆದರೆ ಆ ಮಾತಿಗಾಗಿಯೇ ಎವೊ ಕೊಂಡವರು ಅದು ಕಡಿಮೆಯಾದುದನ್ನು ಮೊದಲ ದಿನವೇ ಗಮನಿಸುತ್ತಾರೆ.

ಗೇರ್‌ಬಾಕ್ಸ್‌ಗಳಲ್ಲಿ ಯಾವುದು ಮೇಲು?

ವಿಚಿತ್ರವೆಂದರೆ ಹೊಸ ಕಾರಿನ ಮ್ಯಾನ್ಯುವಲ್‌ಗೆ ಹಳೆಯದಕ್ಕಿಂತ ಒಂದು ಗೇರ್ ಕಡಿಮೆ. ಎವೊ 9 ಜಿಎಸ್ಆರ್‌ಗೆ ಆರು ಗೇರ್‌ಗಳಿದ್ದವು (ಆರ್‌ಎಸ್ ಮತ್ತು ಜಿಟಿ ಮಾದರಿಗಳಿಗೆ ಐದು). ಎವೊ 10ರ ಮ್ಯಾನ್ಯುವಲ್‌ಗೆ ಐದೇ. ಹೆದ್ದಾರಿಯಲ್ಲಿ ಇನ್ನೊಂದು ಗೇರಿಗಾಗಿ ಕೈ ತಾನಾಗಿ ಚಾಚುತ್ತದೆ ಎಂಬುದು ಎವೊ 10ರ ಮಾಲೀಕರ ಹಳೆಯ ಗೊಣಗಾಟ, ಮತ್ತು ಅದು ನ್ಯಾಯವಾದದ್ದು.

ಎವೊ 10ರ ಇನ್ನೊಂದು ಆಯ್ಕೆಯಾದ ಟಿಸಿ-ಎಸ್‌ಎಸ್‌ಟಿ, ಗೆಟ್ರಾಗ್ ಸಂಸ್ಥೆಯ ಆರು ಗೇರಿನ ಎರಡು ಕ್ಲಚ್ಚಿನ ಗೇರ್‌ಬಾಕ್ಸ್. ಎರಡು ಪೆಡಲಿನ ಮೊದಲ ಎವೊ ಇದೆಂದು ಕೆಲವರು ಬರೆಯುವುದು ತಪ್ಪು. ಎವೊ 7 ಜಿಟಿ-ಎ ಮಾದರಿಗೆ ಟಾರ್ಕ್ ಕನ್ವರ್ಟರಿನ ಆಟೊಮ್ಯಾಟಿಕ್ ಇತ್ತು. ಎಸ್‌ಎಸ್‌ಟಿ ಗೇರ್ ಬದಲಾಯಿಸುವ ವೇಗವನ್ನು ಯಾವ ಚಾಲಕನ ಕೈಯೂ ಸರಿಗಟ್ಟಲಾರದು. ಆದರೆ ಟ್ರ್ಯಾಕಿನಲ್ಲಿ ಬಿಡುವಿಲ್ಲದೆ ಓಡಿಸಿದರೆ ಅದರ ಎಣ್ಣೆ ಕಾದು ತನ್ನ ರಕ್ಷಣೆಗೆ ತಾನೇ ವೇಗ ತಗ್ಗಿಸುತ್ತದೆ. ಎಣ್ಣೆಯನ್ನೂ ಫಿಲ್ಟರನ್ನೂ ಹೊತ್ತಿಗೆ ಸರಿಯಾಗಿ ಬದಲಾಯಿಸದ ಎಸ್‌ಎಸ್‌ಟಿ ದುರಸ್ತಿಗೆ ಬಂದರೆ ಖರ್ಚು ಹಳೆಯ ಕಾರಿನ ಬೆಲೆಯನ್ನೇ ಅಣಕಿಸುವಷ್ಟಾಗಬಹುದು. ಪೇಟೆಯ ದಟ್ಟಣೆಯಲ್ಲಿ ದಿನವೂ ಓಡಿಸುವವರಿಗೆ ಎಸ್‌ಎಸ್‌ಟಿ, ವಾರಾಂತ್ಯಕ್ಕೆ ಮಾತ್ರ ಹೊರತೆಗೆಯುವವರಿಗೆ ಮ್ಯಾನ್ಯುವಲ್ ಎಂಬುದು ನಮ್ಮ ಸಲಹೆ.

ರ್ಯಾಲಿಯಲ್ಲಿ ಎವೊ 10 ಸೋತಿತೇ?

ಇಲ್ಲ. ಪೋರ್ಚುಗಲ್‌ನ ಅರ್ಮಿಂಡೊ ಅರಾವುಜೊ ಪ್ರೊಡಕ್ಷನ್ ಕಾರುಗಳ ವಿಶ್ವ ರ್ಯಾಲಿ ಪ್ರಶಸ್ತಿಯನ್ನು 2009ರಲ್ಲಿ ಎವೊ 9ರಲ್ಲಿಯೂ 2010ರಲ್ಲಿ ಎವೊ 10ರಲ್ಲಿಯೂ ಗೆದ್ದರು. ಒಬ್ಬನೇ ಚಾಲಕ ಎರಡೂ ತಲೆಮಾರುಗಳಲ್ಲಿ ಒಂದೇ ಪ್ರಶಸ್ತಿ ಗೆದ್ದದ್ದಕ್ಕಿಂತ ನೇರ ಹೋಲಿಕೆ ಸಿಗುವುದು ಕಷ್ಟ. ಆದರೂ ಎವೊ 10 ಬಂದು ವರ್ಷಗಳಾದ ಮೇಲೆಯೂ ಅನೇಕ ಖಾಸಗಿ ತಂಡಗಳು ಎವೊ 9ನ್ನೇ ಓಡಿಸುತ್ತಿದ್ದವು. ಹಗುರವಾದ, ಬಿಡಿಭಾಗಗಳು ಸುಲಭವಾಗಿ ದೊರೆಯುವ, ಎಲ್ಲರಿಗೂ ಕೈಗೂಡಿದ ಕಾರನ್ನು ಬಿಡಲು ಅವರಿಗೆ ಕಾರಣವಿರಲಿಲ್ಲ.

ಎಂಜಿನ್ ಶಕ್ತಿ ಹೆಚ್ಚಿಸುವವರು ಯಾವುದನ್ನು ಆರಿಸಬೇಕು?

ಅತಿ ಹೆಚ್ಚಿನ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಹಾಕುವ ಉದ್ದೇಶವಿದ್ದರೆ ಎವೊ 9. ಕಬ್ಬಿಣದ ಬ್ಲಾಕ್ ಒತ್ತಡವನ್ನು ತಡೆಯುವ ರೀತಿ ಮತ್ತು ಎರಡು ದಶಕಗಳಲ್ಲಿ ಜಗತ್ತಿನಾದ್ಯಂತ ಟ್ಯೂನರ್‌ಗಳು ಅದರ ಮೇಲೆ ಕಲಿತ ಪಾಠಗಳು, ಇವೆರಡಕ್ಕೂ ಬದಲಿಯಿಲ್ಲ. ಆದರೆ ಮಿತವಾದ ಏರಿಕೆ ಸಾಕೆನ್ನುವವರಿಗೆ 4ಬಿ11 ಯಾವ ರೀತಿಯಲ್ಲಿಯೂ ಕಡಿಮೆಯಲ್ಲ. ಎರಡೂ ಕ್ಯಾಮ್‌ಶಾಫ್ಟುಗಳ ಹೊಂದಾಣಿಕೆ ಇರುವುದರಿಂದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿದ್ದಿದಾಗ ಮಧ್ಯಮ ಆರ್‌ಪಿಎಂನಲ್ಲಿ ದೊರೆಯುವ ಲಾಭ ಕಣ್ಣಿಗೆ ಕಾಣುವಂಥದ್ದು.

ನಿರ್ವಹಣೆಯಲ್ಲಿ ಯಾವುದು ಹೆಚ್ಚು ಕಾಡುತ್ತದೆ?

ಎರಡೂ ಕಾಡುತ್ತವೆ, ಬೇರೆ ಬೇರೆ ಕಡೆ. ಎವೊ 9ರ ಟೈಮಿಂಗ್ ಬೆಲ್ಟನ್ನು ಅವಧಿಗೆ ಸರಿಯಾಗಿ ಬದಲಾಯಿಸಲೇಬೇಕು. ಅದರ ಜೊತೆಗೆ ಬ್ಯಾಲೆನ್ಸ್ ಶಾಫ್ಟಿನ (ಎಂಜಿನ್ನಿನ ನಡುಕ ತಗ್ಗಿಸುವ ದಂಡದ) ಸಣ್ಣ ಬೆಲ್ಟೊಂದಿದೆ. ಅದು ಹರಿದರೆ ದೊಡ್ಡ ಬೆಲ್ಟಿಗೆ ಸಿಕ್ಕಿಕೊಂಡು ಅದನ್ನೂ ಜಾರಿಸಬಹುದು, ಆಗ ಪಿಸ್ಟನ್ನುಗಳು ಕವಾಟಗಳಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಎವೊ 10ಕ್ಕೆ ಈ ಚಿಂತೆ ಇಲ್ಲ. ಆರಂಭದ ವರ್ಷಗಳ ಕಾರುಗಳಲ್ಲಿ ಚೈನ್ ಹಿಗ್ಗುವ ದೂರು ಕೇಳಿಬಂದಿದೆ. ಎವೊ 10ರ ನಿಜವಾದ ತಲೆನೋವು ಎಸಿಡಿ ಮತ್ತು ಎವೈಸಿಗೆ ಒತ್ತಡ ಕೊಡುವ ಹೈಡ್ರಾಲಿಕ್ ಪಂಪು. ಹಿಂದಿನ ಚಕ್ರದ ಬಳಿ, ನೀರೂ ಕೆಸರೂ ಎರಚುವ ಜಾಗದಲ್ಲಿ ಅದನ್ನು ಇಟ್ಟಿರುವುದರಿಂದ, ವಿಶೇಷವಾಗಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ, ತುಕ್ಕು ಹಿಡಿದು ಕೆಡುತ್ತದೆ. ಇಷ್ಟು ದುಬಾರಿ ವ್ಯವಸ್ಥೆಯ ಹೃದಯವನ್ನು ಅಲ್ಲಿಡಲು ಯಾರಿಗೆ ಮನಸ್ಸು ಬಂತೋ!

ದಿನನಿತ್ಯದ ಬಳಕೆಗೆ?

ಎವೊ 10, ಸಂದೇಹವಿಲ್ಲ. ಒಳಗಿನ ಪ್ಲಾಸ್ಟಿಕ್ ಎರಡರಲ್ಲಿಯೂ ಬೆಲೆಗೆ ತಕ್ಕುದಲ್ಲ, ರೆಕಾರೊ ಆಸನಗಳು ಎರಡರಲ್ಲಿಯೂ ಅತ್ಯುತ್ತಮ, ಆದರೆ ಶಬ್ದ, ಸವಾರಿಯ ನಯ ಮತ್ತು ಅಪಘಾತ ಸುರಕ್ಷತೆಯಲ್ಲಿ ಹೊಸದು ಬಹಳ ಮುಂದಿದೆ.

ಅಮೆರಿಕದಲ್ಲಿರುವ ಎವೊ 9ಕ್ಕೂ ಜಪಾನಿನದಕ್ಕೂ ವ್ಯತ್ಯಾಸವಿದೆಯೇ?

ಬಹು ಮುಖ್ಯವಾದ ವ್ಯತ್ಯಾಸವಿದೆ. ಅಮೆರಿಕಕ್ಕೆ ಹೋದ ಎವೊ 9ರಲ್ಲಿ ಎಸಿಡಿ ಇತ್ತು, ಎವೈಸಿ ಇರಲಿಲ್ಲ. ಅಲ್ಲಿನ ಖರೀದಿದಾರರಿಗೆ ಎವೈಸಿ ಮೊದಲ ಬಾರಿ ದೊರೆತದ್ದು ಎವೊ 10ರಲ್ಲಿಯೇ. ಆದುದರಿಂದ ಅಮೆರಿಕದ ಹೋಲಿಕೆಗಳನ್ನು ಓದುವಾಗ ಅವರು ಎವೊ 9 ಎನ್ನುವುದು ಎವೈಸಿ ಇಲ್ಲದ ಕಾರನ್ನು ಎಂಬುದು ನೆನಪಿರಲಿ. ಡಲ್ಲಾಸ್‌ನಲ್ಲಿಯೋ ನ್ಯೂಜೆರ್ಸಿಯಲ್ಲಿಯೋ ನೆಲೆಸಿ ಹಳೆಯ ಎವೊ ಹುಡುಕುತ್ತಿರುವ ಕನ್ನಡಿಗರು ಜಪಾನಿನ ವಿಮರ್ಶೆಗಳನ್ನು ನಂಬಿ ಆ ಕಾರನ್ನು ಕೊಂಡರೆ ನಿರಾಸೆಯಾಗುವುದು ಸಹಜ.

ಭಾರತದಲ್ಲಿ ಇವು ಮಾರಾಟವಾಗಿದ್ದವೇ? ಈಗ ತರಿಸಿಕೊಳ್ಳಬಹುದೇ?

ಎವೊ 9 ಇಲ್ಲಿ ಅಧಿಕೃತವಾಗಿ ಮಾರಾಟವಾಗಲಿಲ್ಲ. ಎವೊ 10ನ್ನು ಹಿಂದೂಸ್ತಾನ್ ಮೋಟರ್ಸ್ ಮೂಲಕ 2010ರಲ್ಲಿ ಪೂರ್ಣವಾಗಿ ಆಮದು ಮಾಡಿಕೊಂಡ ಕಾರಾಗಿ, ಎಸ್‌ಎಸ್‌ಟಿ ಗೇರ್‌ಬಾಕ್ಸಿನೊಂದಿಗೆ, ಸುಮಾರು 50 ಲಕ್ಷ ರೂಪಾಯಿಗೆ ಮಾರಲಾಯಿತು. ಆ ಬೆಲೆಗೆ ಜರ್ಮನಿಯ ಐಷಾರಾಮಿ ಕಾರು ಸಿಗುತ್ತಿದ್ದುದರಿಂದ ಕೊಂಡವರು ಬೆರಳೆಣಿಕೆಯಷ್ಟು. ಹಳೆಯ ಕಾರಿನ ಆಮದಿಗೆ ಮೂರು ವರ್ಷದ ವಯೋಮಿತಿ ಇರುವುದರಿಂದ ವಿದೇಶದಲ್ಲಿರುವ ಯಾವ ಎವೊವನ್ನೂ ಈಗ ತಂದು ಇಲ್ಲಿ ನೋಂದಾಯಿಸಲು ದಾರಿಯಿಲ್ಲ.

ಆದರೂ ಕರ್ನಾಟಕದ ರ್ಯಾಲಿ ಪ್ರಿಯರಿಗೆ ಎವೊ 9 ಅಪರಿಚಿತವೇನಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ದೂಳೆಬ್ಬಿಸಿಕೊಂಡು ಹೋಗುತ್ತಿದ್ದ ಮಿತ್ಸುಬಿಷಿ ಸೀಡಿಯಾ ಕಾರುಗಳನ್ನು ನೋಡಿದವರು ಎವೊ 7, 8, 9ರ ಮೂಲ ಬಾಡಿಯನ್ನೇ ನೋಡಿದ್ದಾರೆ. ಟರ್ಬೊ ಇಲ್ಲದ, ಮುಂದಿನ ಚಕ್ರಗಳಿಗೆ ಮಾತ್ರ ಚಾಲನೆಯಿರುವ ಸೀಡಿಯಾ, ಆ ಮನೆಯ ಸಾಧು ತಮ್ಮ.

ಕೊನೆಯ ಫೈನಲ್ ಎಡಿಷನ್‌ಗೆ ಹೆಚ್ಚು ಬೆಲೆ ಕೊಡುವುದು ಸರಿಯೇ?

ಸಂಗ್ರಹಕಾರರಿಗೆ ಸರಿ. ಜಪಾನಿನಲ್ಲಿ 2015ರಲ್ಲಿ 1000, ಅಮೆರಿಕಕ್ಕಾಗಿ 1600 ಎಂದು ನಿಗದಿಯಾದ ಈ ಕಾರುಗಳೊಂದಿಗೆ ಎವೊ ಸಾಲು ಮುಗಿಯಿತು. ಜಪಾನಿನ ಫೈನಲ್ ಎಡಿಷನ್ 313 ಅಶ್ವಶಕ್ತಿಯದು, ಗೇರ್‌ಬಾಕ್ಸ್ ಮಾತ್ರ ಅದೇ ಐದು ಗೇರಿನ ಮ್ಯಾನ್ಯುವಲ್. ಓಡಿಸುವ ಸುಖಕ್ಕಾಗಿ ಕೊಳ್ಳುವವರಿಗೆ ಚೆನ್ನಾಗಿ ನೋಡಿಕೊಂಡ ಸಾಮಾನ್ಯ ಎವೊ 10 ಮತ್ತು ಉಳಿದ ಹಣದಲ್ಲಿ ಒಳ್ಳೆಯ ಟೈರುಗಳು ಸಾಕು.

ಹಳೆಯ ಕಾರನ್ನು ನೋಡಲು ಹೋದಾಗ ಮೊದಲು ಏನನ್ನು ಪರೀಕ್ಷಿಸಬೇಕು?

ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮೊದಲೇ ಕಾಯಿಸಿಟ್ಟ ಎಂಜಿನ್ ಹಲವು ಸದ್ದುಗಳನ್ನು ಬಚ್ಚಿಡುತ್ತದೆ. ಎವೊ 9ರಲ್ಲಿ ಬೆಲ್ಟ್ ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ತಿಳಿದು ಬೆಲೆ ಕಟ್ಟಬೇಕು. ಎರಡರಲ್ಲಿಯೂ ಛಾವಣಿಯ ಅಂಚುಗಳನ್ನು ಗಮನವಿಟ್ಟು ನೋಡಬೇಕು, ಏಕೆಂದರೆ ಅಲ್ಯೂಮಿನಿಯಮ್ ಛಾವಣಿಯನ್ನು ಉಕ್ಕಿನ ಬಾಡಿಗೆ ರಿವೆಟ್ ಮತ್ತು ಅಂಟಿನಿಂದ ಕೂಡಿಸಿರುವುದರಿಂದ ಉರುಳಿದ ಕಾರನ್ನು ಸಾಮಾನ್ಯ ಗ್ಯಾರೇಜಿನಲ್ಲಿ ಸರಿಮಾಡಿದ್ದರೆ ಅದು ಅಲ್ಲಿಯೇ ಬಯಲಾಗುತ್ತದೆ. ಬಳಿಕ ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಎರಡೂ ಬದಿಗೆ ನಿಧಾನವಾಗಿ ಸುತ್ತು ಹಾಕಿ ಡಿಫರೆನ್ಷಿಯಲ್‌ಗಳ ಸದ್ದನ್ನು ಕೇಳಬೇಕು. ಎವೊ 10 ಆದರೆ ಡ್ಯಾಶ್‌ಬೋರ್ಡಿನಲ್ಲಿ ಎಡಬ್ಲ್ಯುಸಿ ಎಚ್ಚರಿಕೆ ಬರುತ್ತದೆಯೇ ನೋಡಿ, ಹಿಂದಿನ ಚಕ್ರದ ಒಳಗವಚವನ್ನು ಬಿಚ್ಚಿಸಿ ಪಂಪಿನ ಸ್ಥಿತಿಯನ್ನು ಕಣ್ಣಾರೆ ಕಾಣುವವರೆಗೂ, ಮಾಲೀಕರು ಎಷ್ಟೇ ಸಭ್ಯರಾಗಿದ್ದರೂ, ಮುಂಗಡ ಕೊಡಬಾರದು.